ಇಬ್ಬರಿಗೆ ಸಾಕಾಗುವ ನೆರಳು

ಫೆಬ್ರವರಿಯ ಎರಡನೆಯ ಮಂಗಳವಾರ. ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಸ್ಥಳ, ನರಿಮೊಗರಿನ ನಮ್ಮ ಮನೆಯ ಅಡುಗೆಕೋಣೆ. ಹಾಜರಿದ್ದವರು ನಾನು ಮತ್ತು ನನ್ನ ಯಜಮಾನರು. ಅವರು ಆ ಹೊತ್ತಿಗೆ ಹಾಜರಿರುವುದು ಅಪರೂಪ. ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ ಏನೋ ಒತ್ತುತ್ತಿದ್ದರು. ನನ್ನನ್ನು ಕಂಡು ಕಿಸೆಗೆ ಹಾಕಿಕೊಂಡರು.

"ಇಷ್ಟು ಬೇಗ ಎಂತ?" ಎಂದೆ.

"ನಿದ್ರೆ ಬರಲಿಲ್ಲ. ದ್ವೀಪದ್ದೇ ಯೋಚನೆ" ಎಂದರು.

ನನಗೆ ಸಂತೋಷವಾಯಿತು. ಅದನ್ನು ಬರೆದಿಡಬೇಕು, ಯಾಕೆಂದರೆ ಆ ದಿನ ಸಂತೋಷವಾದದ್ದು ಅಷ್ಟು ಹೊತ್ತು ಮಾತ್ರ.

ತಾರೀಕು, ಗಂಟೆ, ಹಾಜರಿದ್ದವರು ಎಂದು ಶುರುಮಾಡುವುದು ನನ್ನ ಹಳೆಯ ಅಭ್ಯಾಸ. ಸುಳ್ಯದ ಒಂದು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದೆ. ಪಾಳಿ ಬದಲಾಗುವಾಗ ವರದಿ ಪುಸ್ತಕದಲ್ಲಿ ಮೊದಲು ಇವು ಮೂರು, ಆಮೇಲೆ ವಿಷಯ. ಅರ್ಧ ವರದಿ ಕೊಟ್ಟು ಡ್ಯೂಟಿ ಬಿಟ್ಟು ಹೋದವಳಲ್ಲ ನಾನು.

ಯಜಮಾನರದ್ದು ಕಡಬದಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮದುವೆ, ಯಕ್ಷಗಾನ, ಕಬಡ್ಡಿ, ಚುನಾವಣೆ, ಎಲ್ಲಕ್ಕೂ ಅವರ ಹಾರನ್ ಸ್ಪೀಕರು. ನಾನು ಅವರನ್ನು ಮೊದಲು ನೋಡಿದ್ದು ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ. ಒಂದು ಹಾರನ್ನನ್ನು ನೇರ ಹೆಂಗಸರ ವಾರ್ಡಿಗೆ ತಿರುಗಿಸಿ ಕಟ್ಟಿದ್ದರು. ನಾನು ಹೋಗಿ, "ಇಳಿಸಿ" ಎಂದೆ. ಅವರು ಇಳಿಸಲಿಲ್ಲ, ಏಣಿ ಹತ್ತಿ ಗುಡ್ಡದ ಕಡೆಗೆ ತಿರುಗಿಸಿದರು. "ಇನ್ನು ನರಿಗಳಿಗೆ ಮಾತ್ರ ತೊಂದರೆ, ಸಿಸ್ಟರ್" ಎಂದರು. ಮುಂದಿನ ವರ್ಷ ಮದುವೆಯಾಯಿತು.

ಮದುವೆಯಾಗಿ ಮೂವತ್ತೊಂಬತ್ತು ವರ್ಷಗಳಾದವು. ಅಷ್ಟರಲ್ಲಿ ನಾವಿಬ್ಬರೇ ಇದ್ದ ದಿನಗಳೇ ಇಲ್ಲ ಎನ್ನಬಹುದು. ನನಗೆ ರಾತ್ರಿ ಪಾಳಿ ಇದ್ದಾಗ ಅವರು ಮನೆಯಲ್ಲಿ, ನಾನು ಮನೆಗೆ ಬರುವಾಗ ಅವರು ಯಾವುದೋ ಊರಿನ ಚಪ್ಪರದಲ್ಲಿ. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಹೋದಳು. ನಾನು ನಿವೃತ್ತಳಾದೆ. ಅವರು ಅಂಗಡಿಯನ್ನು ಬೇರೆಯವರಿಗೆ ಕೊಟ್ಟರು, ಆದರೆ ಜನರನ್ನು ಬಿಡಲಿಲ್ಲ. ನಮ್ಮ ಜಗಲಿಯಲ್ಲಿ ಸಂಜೆ ನಾಲ್ಕು ಜನರಾದರೂ ಇಲ್ಲದ ದಿನವಿಲ್ಲ. ಹಾಗಾಗಿ ಅರುವತ್ತಾರನೆಯ ವಯಸ್ಸಿನಲ್ಲಿ ನನಗೆ ಬೇಕೆನಿಸಿದ್ದು ಒಂದೇ. ಏಳು ದಿನ, ನಾವಿಬ್ಬರೇ, ಮೂರನೆಯವರ ಧ್ವನಿ ಇಲ್ಲದ ಒಂದು ಸಮುದ್ರದ ದಂಡೆ.

ಘಟ್ಟದ ಕೆಳಗಿನವರು ಎಂದರೆ ಸಮುದ್ರದಲ್ಲೇ ಮಿಂದೆದ್ದವರು ಎಂದು ಮೇಲಿನವರು ತಿಳಿಯುತ್ತಾರೆ. ನಾನು ಸೋಮವಾರಪೇಟೆ ಕಡೆಯವಳು, ನಾನೂ ಹಾಗೇ ತಿಳಿದಿದ್ದೆ. ಆದರೆ ಪುತ್ತೂರು, ಸುಳ್ಯದವರಿಗೆ ಸಮುದ್ರ ಎಂದರೆ ಅಮಾವಾಸ್ಯೆಯ ಸ್ನಾನ ಅಥವಾ ಬೂದಿ ಬಿಡುವ ಜಾಗ. ಒಂದು ಜೀಪು ತುಂಬ ಹೋಗಿ, ಮುಳುಗಿ, ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಹೋಟೆಲಿನಲ್ಲಿ ತಿಂಡಿ ತಿಂದು ಬರುವುದು. ನಾನು ನಾಲ್ಕು ಸಲ ಸಮುದ್ರ ನೋಡಿದ್ದೇನೆ. ಅದರಲ್ಲಿ ಮೂರು ಸಲ ಸೂತಕದಲ್ಲಿ.

ದ್ವೀಪದ ವಿಷಯ ತಲೆಗೆ ಹಾಕಿದ್ದು ನನ್ನೊಟ್ಟಿಗೆ ಆರು ವರ್ಷ ಕೆಲಸ ಮಾಡಿದ ಒಬ್ಬ ಸಿಸ್ಟರ್. ಲಕ್ಷದ್ವೀಪದವಳು. ಈಗ ತನ್ನ ದ್ವೀಪದಲ್ಲೇ ಇದ್ದಾಳೆ. ಯಾವ ದ್ವೀಪ ಎಂದು ಇಲ್ಲಿ ಬರೆಯುವುದಿಲ್ಲ. ಒಬ್ಬರಿಗೆ ಹೇಳಿ ಆದದ್ದೇ ಸಾಕು.

ಕಳೆದ ಜೂನ್‌ನಿಂದ ಪ್ರತಿ ಮಂಗಳವಾರ ಸಂಜೆ ಏಳಕ್ಕೆ ಅವಳಿಗೆ ಫೋನ್ ಮಾಡುತ್ತಿದ್ದೆ. ನನಗೆ ಬೇಕಾದದ್ದು ಚಂದದ ದಂಡೆಯಲ್ಲ, ಜನವಿಲ್ಲದ ದಂಡೆ. ಅವಳು ಮೊದಲು ನಕ್ಕಳು. "ಸಿಸ್ಟರ್, ಇದು ದ್ವೀಪ. ಯಾವ ಕಡೆಗೆ ಓಡಿದರೂ ನೀರು. ಜನ ಎಲ್ಲಿಗೆ ಹೋಗಬೇಕು?" ಎಂದಳು. ಆದರೆ ಅವಳೂ ನನ್ನ ಕೈಯಲ್ಲಿ ಪಳಗಿದವಳು. ನಾನು ಕೊಟ್ಟ ಗಂಟೆಗೆ ಸರಿಯಾಗಿ ಹೋಗಿ ನಿಂತು, ಎಷ್ಟು ಜನ, ಯಾವ ಸದ್ದು ಎಂದು ನೋಡಿ ಬಂದು ಹೇಳುತ್ತಿದ್ದಳು. ನಾನು ಇಲ್ಲಿ ನೂರು ಪುಟದ ಪುಸ್ತಕದಲ್ಲಿ, ಜ್ವರದ ಪಟ್ಟಿ ಬರೆದ ಹಾಗೆ, ಬರೆದುಕೊಳ್ಳುತ್ತಿದ್ದೆ.

ದೋಣಿ, ಜನ ಬಂದು ಇಳಿಯುವ ಕಡವಿನ ಹತ್ತಿರದ ದಂಡೆಗೆ ಮೊದಲ ವಾರವೇ ಗೆರೆ ಎಳೆದೆ. ಎರಡನೆಯದು ಒಳ್ಳೆಯದಿತ್ತು, ಆದರೆ ನಾಲ್ಕೂವರೆಗೆ ಫುಟ್ಬಾಲ್ ಶುರು. ಮೂರನೆಯದರಲ್ಲಿ ಹೆಂಗಸರು ಹಗ್ಗ ಮಾಡಲು ತೆಂಗಿನ ಸಿಪ್ಪೆ ಹೂಳುತ್ತಾರೆ, ವಾಸನೆ. ದೋಣಿಯವರು ಮೀನು ಬೇಯಿಸುವ ಜಾಗ ಒಂದಿತ್ತು, ಅದನ್ನು ಅವಳೇ ಬೇಡ ಎಂದಳು. ಸೆಪ್ಟೆಂಬರ್ ಆಯಿತು, ಅಕ್ಟೋಬರ್ ಆಯಿತು. ಒಮ್ಮೆ ಅವಳು ಸಮುದ್ರದ ಸದ್ದನ್ನೇ ರೆಕಾರ್ಡ್ ಮಾಡಿ ಕಳಿಸಿದಳು. ಯಜಮಾನರಿಗೆ ಕೇಳಿಸಿದೆ. ಕಿವಿಗೆ ಹಿಡಿದು ಅರ್ಧ ನಿಮಿಷ ಕೇಳಿ, "ಟ್ರೆಬಲ್ ಸ್ವಲ್ಪ ಜಾಸ್ತಿ ಆಯ್ತು" ಎಂದರು, ಮೈಕ್ ಪರೀಕ್ಷೆ ಮಾಡುವವರ ಹಾಗೆ. ನಾನು ನಕ್ಕೆ. ಆಗ ನಗಲಿಕ್ಕೆ ಕಾರಣ ಇತ್ತು.

ನವೆಂಬರಿನಲ್ಲಿ ಜಾಗ ಸಿಕ್ಕಿತು. ದ್ವೀಪದ ತೆಂಕಣ ತುದಿ. ಕೊನೆಯ ತೆಂಗಿನ ಮರದಿಂದ ಮುನ್ನೂರು ಹೆಜ್ಜೆ. ಒಂದು ಕಡೆ ಅಲೆಯಿಲ್ಲದ ಹಸಿರು ನೀರು, ಇನ್ನೊಂದು ಕಡೆ ದೊಡ್ಡ ಸಮುದ್ರ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಯಾರೂ ಇಲ್ಲ, ಮೂರು ವಾರ ಬೇರೆ ಬೇರೆ ದಿನ ಹೋಗಿ ನೋಡಿದರೂ ಯಾರೂ ಇಲ್ಲ. ಅಲ್ಲಿ ಒಂದೇ ಒಂದು ಕೇದಗೆಯ ಪೊದೆ. "ನೆರಳು ಇಬ್ಬರಿಗೆ ಸಾಕು. ಮೂರನೆಯವರು ಬಂದರೆ ಬಿಸಿಲಿನಲ್ಲಿ ಕೂರಬೇಕು" ಎಂದಳು ದ್ವೀಪದ ಸಿಸ್ಟರ್. ಆ ಮಾತನ್ನು ಹಾಗೆಯೇ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಅದರ ಮೇಲೆ ಏಳು ದಿನದ ಪಟ್ಟಿ ಮಾಡಿದೆ. ಐದೂ ಹತ್ತಕ್ಕೆ ಏಳುವುದು, ಆರಕ್ಕೆ ತೆಂಕಣ ತುದಿ, ಒಂಬತ್ತಕ್ಕೆ ತಿಂಡಿ, ಹೀಗೆ. ಯಜಮಾನರಿಗೆ ಓದಿ ಹೇಳಿದೆ. "ಒಳ್ಳೆದುಂಟು" ಎಂದರು. ಅಷ್ಟೇ ಹೇಳಿದ್ದು. ನಾನು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ.

ಆ ಮಂಗಳವಾರದ ಕೆಲಸ ಪರವಾನಗಿಯ ಅರ್ಜಿ. ಅಲ್ಲಿಗೆ ಹೋಗಲು ಹೆಸರು, ಫೋಟೋ, ವಿಳಾಸ ಕೊಟ್ಟು ಒಪ್ಪಿಗೆ ಪಡೆಯಬೇಕು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬಳು ಸೈಬರ್ ಸೆಂಟರ್ ಇಟ್ಟುಕೊಂಡಿದ್ದಾಳೆ. ಅವಳ ಎರಡೂ ಹೆರಿಗೆಗೆ ನಾನು ನಿಂತಿದ್ದೆ. ನಮ್ಮ ಕಾಗದಗಳನ್ನು ಫೋನಿನಲ್ಲೇ ಕಳಿಸುತ್ತೇನೆ ಎಂದು ಯಜಮಾನರು ವಹಿಸಿಕೊಂಡಿದ್ದರು. ಹತ್ತು ಗಂಟೆಗೆ ನಾವು ಅಲ್ಲಿ ಇಳಿದೆವು. ಎದುರಿನ ಅಂಗಡಿಯಲ್ಲಿ ಒಂದು ವಯರ್ ತೆಗೆದುಕೊಂಡು ಬರುತ್ತೇನೆ ಎಂದು ಅವರು ರಸ್ತೆ ದಾಟಿದರು. ನಾನು ಒಳಗೆ ಹೋದೆ.

"ಸಿಸ್ಟ್ರೇ, ಐದು ಜನರದ್ದು ಸರಿ ಉಂಟು. ಒಂದು ಫೋಟೋ ಮಾತ್ರ ಆಗುದಿಲ್ಲ" ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಈ ಕನ್ನಡಕದವರದ್ದು. ಬೆಳಕು ಹೊಡೀತದೆ. ಬೇರೆ ತೆಗೆಸ್ಲಿಕ್ಕೆ ಹೇಳಿ."

"ಯಾವ ಕನ್ನಡಕದವರು?"

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಒಟ್ಟು ಆರು ಮುಖಗಳು. ನನ್ನದು, ಯಜಮಾನರದ್ದು. ಕಲ್ಲುಗುಂಡಿಯಲ್ಲಿರುವ ನನ್ನ ನಾದಿನಿಯದು, ಅವಳ ಗಂಡನದು. ಕನ್ನಡಕದವರು ನಾದಿನಿಯ ಬೀಗರು, ಅಂದರೆ ಅವಳ ಸೊಸೆಯ ಅಪ್ಪ, ಸಂಪಾಜೆಯವರು. ಆರನೆಯದು ಬೀಗಿತಿ.

"ಇದನ್ನು ಯಾರು ಕಳಿಸಿದ್ದು?"

"ಮೈಕಿನವರೇ. ಉಳಿದ ನಾಲ್ಕು ನಿನ್ನೆ ಸಂಜೆ ಬಂತು. ಬೀಗರ ವಿಳಾಸ ಇವತ್ತು ಬೆಳಗ್ಗೆ ಐದಕ್ಕೆ." ಆಗ ಅವಳು ನನ್ನ ಮುಖ ನೋಡಿದಳು. "ನಿಮಗೆ ಗೊತ್ತಿಲ್ವಾ?"

"ಇವತ್ತು ಕಳಿಸಬೇಡ. ಸಂಜೆ ಬರುತ್ತೇನೆ" ಎಂದೆ.

ಯಜಮಾನರು ಎದುರಿನ ಅಂಗಡಿಯಲ್ಲಿ ಒಂದು ಸಣ್ಣ ಸ್ಪೀಕರನ್ನು ಕಿವಿಯ ಹತ್ತಿರ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ನೀರು ಬಿದ್ದರೂ ಹಾಳಾಗದ ಜಾತಿಯದು ಎಂದು ಅಂಗಡಿಯವನು ಹೇಳುತ್ತಿದ್ದ. ಅವರು ಅದಕ್ಕೆ ದುಡ್ಡು ಕೊಟ್ಟ ಮೇಲೆ ಅವರನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ಚಹಾ ಹೇಳಿದೆ.

"ಆರು ಜನ ಎಂತಕ್ಕೆ?"

"ಓ, ಅದಾ." ಸ್ಪೀಕರನ್ನು ಮೇಜಿನ ಮೇಲಿಟ್ಟರು. "ಹೇಳುವ ಅಂತಲೇ ಇದ್ದೆ."

"ಈಗ ಹೇಳಿ."

"ತಂಗಿಗೆ ಫೋನ್ ಮಾಡಿದಾಗ, ನಾವು ದ್ವೀಪಕ್ಕೆ ಹೋಗ್ತೇವೆ ಅಂದೆ. ಅವಳು ತನ್ನನ್ನೂ ಸೇರಿಸಿಕೊಂಡಳು. ಬೀಗರು ಅಲ್ಲೇ ಕೂತಿದ್ರಂತೆ, ಅವರೂ ಹೊರಟ್ರು. ಮಾತಿನಲ್ಲಿ ಆದ ತಪ್ಪು ಮಾರಾಯ್ತಿ. ಹೊರಟು ನಿಂತವರಿಗೆ ಬೇಡ ಅಂತ ಹೇಳುದು ಹೇಗೆ?"

"ಯಾವ ಭಾಷೆಯಲ್ಲಿ ಹೇಳಿದ್ದು?"

"ತಂಗಿಯೊಟ್ಟಿಗೆ ಮತ್ತೆ ಇಂಗ್ಲಿಷ್ ಮಾತಾಡ್ತೇನಾ?"

"ತುಳುವಿನಲ್ಲಿ. ಹಾಗಾದರೆ 'ನಮ' ಅಂದದ್ದಾ, 'ಎಂಕುಲು' ಅಂದದ್ದಾ?"

ಅವರು ಚಹಾ ಕಲಕತೊಡಗಿದರು. ಅದರಲ್ಲಿ ಸಕ್ಕರೆ ಇರಲಿಲ್ಲ. ಅವರಿಗೆ ಸಕ್ಕರೆ ನಿಲ್ಲಿಸಿ ಒಂಬತ್ತು ವರ್ಷ.

ಇದನ್ನು ವಿವರಿಸಬೇಕು. ಕನ್ನಡದಲ್ಲಿ 'ನಾವು' ಎಂದರೆ ಕೇಳುವವನು ಒಳಗೋ ಹೊರಗೋ ಗೊತ್ತಾಗುವುದಿಲ್ಲ. ತುಳುವಿನಲ್ಲಿ ಹಾಗಿಲ್ಲ, ಎರಡು ಶಬ್ದ ಉಂಟು. 'ನಮ' ಎಂದರೆ ಕೇಳುತ್ತಿರುವ ನೀನೂ ಸೇರಿ ನಾವು. 'ಎಂಕುಲು' ಎಂದರೆ ನಿನ್ನನ್ನು ಬಿಟ್ಟು ನಾವು. ಘಟ್ಟದಿಂದ ಇಳಿದು ಬಂದ ನನ್ನಂಥವರು ಇದರಲ್ಲಿ ಬಿದ್ದೇ ಬೀಳುತ್ತಾರೆ.

ನಾನು ಬಿದ್ದದ್ದು ಮದುವೆಯಾದ ಮೂರನೆಯ ತಿಂಗಳು. ಆಸ್ಪತ್ರೆಯಿಂದ ಮೂರು ದಿನ ರಜೆ ಸಿಕ್ಕಿತ್ತು. ಮಡಿಕೇರಿಗೆ ಹೋಗುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ನಾದಿನಿ ಸುಳ್ಯಕ್ಕೆ ಬಂದಾಗ, ಆಗಷ್ಟೇ ಕಲಿತ ತುಳುವಿನಲ್ಲಿ, ಹೆಮ್ಮೆಯಿಂದ, "ಶುಕ್ರವಾರ ನಮ ಮಡಿಕೇರಿಗ್ ಪೋಪ" ಎಂದೆ. ಶುಕ್ರವಾರ ನಮ್ಮ ಬಸ್ಸು ಕಲ್ಲುಗುಂಡಿಯಲ್ಲಿ ನಿಂತಾಗ ನಾದಿನಿ, ಅವಳ ಗಂಡ, ಎರಡು ಮಕ್ಕಳು, ಒಂದು ಟ್ರಂಕು, ಒಂದು ಗೋಣಿಚೀಲ ತುಂಬ ಹಲಸಿನ ಹಪ್ಪಳ ಬಸ್ಸು ಹತ್ತಿದವು. ಮೂರು ದಿನ ಆರು ಜನ ಒಟ್ಟಿಗೆ ಕಳೆದೆವು. ಯಜಮಾನರು ನಕ್ಕದ್ದು ಎಷ್ಟೆಂದರೆ ಸಂಪಾಜೆ ಘಾಟಿ ಮುಗಿಯುವ ತನಕ ಅವರಿಗೆ ಉಸಿರು ಸಿಗಲಿಲ್ಲ. ಹಿಂದೆ ಬಂದ ಮೇಲೆ ಒಂದು ವಾರ ನನಗೆ ಪಾಠ ಮಾಡಿದರು. ಊಟಕ್ಕೆ ಕೂತಾಗ, ಬಟ್ಟೆ ಒಣಗಿಸುವಾಗ, ಇದ್ದಕ್ಕಿದ್ದ ಹಾಗೆ ಕೇಳುವುದು. "ನೆರೆಮನೆಯವಳು ಬಂದಿದ್ದಾಳೆ, ನಾವು ಉಂಡಾಯ್ತು ಅಂತ ಹೇಳಬೇಕು. ನಮವಾ, ಎಂಕುಲುವಾ?" ತಪ್ಪಿದರೆ ತಲೆಗೆ ಒಂದು ಮೊಟಕು. ಆ ಪಾಠ ನಾನು ಮತ್ತೆ ತಪ್ಪಲಿಲ್ಲ. ಪಾಠ ಹೇಳಿದವರು ತಪ್ಪುವುದು ಹೇಗೆ?

"ನಮ ಅಂತ ಬಾಯಿಗೆ ಬಂತು" ಎಂದರು ಕೊನೆಗೆ.

"ಅರುವತ್ತೊಂಬತ್ತು ವರ್ಷದಲ್ಲಿ ಮೊದಲ ಸಲವಾ?"

"ವಯಸ್ಸಾಯ್ತಲ್ಲ. ಶಬ್ದ ತಪ್ಪುದಿಲ್ವಾ?"

ಹುಟ್ಟಿದ ಭಾಷೆಯ ಇಂಥ ಶಬ್ದ ತಪ್ಪುವುದು ಪಾರ್ಶ್ವವಾಯುವಿನ ಒಂದು ಲಕ್ಷಣ. ನನ್ನ ಕಣ್ಣು ತಾನಾಗಿಯೇ ಅವರ ಬಾಯಿಯ ಬಲ ತುದಿಗೆ ಹೋಯಿತು. "ಎರಡೂ ಕೈ ಎತ್ತಿ" ಎಂದೆ. ಹೋಟೆಲಿನವರೆಲ್ಲ ನೋಡುತ್ತಿರುವಾಗ ಅವರು ಎರಡೂ ಕೈ ಎತ್ತಿದರು. ಸಮವಾಗಿಯೇ ಇದ್ದವು. ಒಂದು ಕ್ಷಣ, ಇದು ಕಾಯಿಲೆಯೇ ಆಗಿದ್ದರೆ ಒಳ್ಳೆಯದಿತ್ತು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ ಉಂಟು.

ಆದರೂ ಅವರ ಮಾತನ್ನು ನಂಬುವುದೆಂದು ತೀರ್ಮಾನ ಮಾಡಿದೆ. ನಾನೂ ಒಮ್ಮೆ ತಪ್ಪಿದವಳಲ್ಲವೇ. ತಪ್ಪಾಗಿದ್ದರೆ ಸರಿಪಡಿಸಬಹುದು. ಫೋನಿನಲ್ಲಿ ಹೇಳಿದರೆ ನಾದಿನಿಗೆ ಬೇಸರವಾಗುತ್ತದೆ, ಮುಖ ನೋಡಿ ಹೇಳಿದರೆ ಅವಳು ನಗುತ್ತಾಳೆ. ಕಲ್ಲುಗುಂಡಿಗೆ ಹೋಗುವ ಎಂದೆ.

"ಇವತ್ತೇ ಯಾಕೆ? ಬಿಸಿಲು" ಎಂದರು.

"ಇವತ್ತಿನ ಕೆಲಸ ಇವತ್ತು."

ಮಡಿಕೇರಿ ಬಸ್ಸು ಹನ್ನೊಂದೂವರೆಗೆ ಸಿಕ್ಕಿತು. ಸುಳ್ಯ ಬಂದಾಗ ಅವರು ಎದ್ದು ನಿಂತರು. "ಇಲ್ಲಿ ಒಬ್ಬನ ಹತ್ತಿರ ನನ್ನ ಹಳೆ ಆಂಪ್ಲಿಫೈಯರ್ ಉಂಟು. ಹಾಳಾಗಿದೆಯಂತೆ. ನೋಡಿ ಬರ್ತೇನೆ. ನೀನೇ ಮಾತಾಡು. ಹೆಂಗಸರು ಹೆಂಗಸರು ಮಾತಾಡಿದ್ರೆ ಸುಲಭ" ಎಂದು ಇಳಿದರು. ಕಿಟಕಿಯಿಂದ ನೋಡಿದೆ. ಅವರು ತಿರುಗಿ ನೋಡಲಿಲ್ಲ.

ಕಲ್ಲುಗುಂಡಿಯಲ್ಲಿ ನಾದಿನಿಯ ಮನೆ ರಸ್ತೆಗೆ ತಾಗಿಯೇ ಉಂಟು. ಘಾಟಿ ಹತ್ತುವ ಲಾರಿಗಳು ಗೇರ್ ಬದಲಿಸುವ ಸದ್ದು ಮನೆಯೊಳಗೆ ದಿನವಿಡೀ. ಅವಳು ಕಣ್ಣಿಗೆ ಮಾತ್ರ ಅರುವತ್ತೆರಡು, ನಾಲಿಗೆಗೆ ಇನ್ನೂ ಇಪ್ಪತ್ತು. ಜಗಲಿಯಲ್ಲಿ ಹೊಸ ಹುಲ್ಲಿನ ಟೊಪ್ಪಿ ಹಾಕಿಕೊಂಡು ಬಸಳೆ ಸೋಸುತ್ತಿದ್ದಳು. ಅವಳು ಮಾತಾಡಿದ್ದೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಅತ್ತಿಗೆ, ಒಬ್ಬರೇ? ಅಣ್ಣ ಎಲ್ಲಿ?"

"ಸುಳ್ಯದಲ್ಲಿ ಇಳಿದರು. ಯಾವುದೋ ಆಂಪ್ಲಿಫೈಯರ್ ಹಾಳಾಗಿದೆಯಂತೆ."

"ಅವನಿಗೆ ಹೆದರಿಕೆ ಆದಾಗೆಲ್ಲ ಎಲ್ಲಿಯಾದ್ರೂ ಒಂದು ಆಂಪ್ಲಿಫೈಯರ್ ಹಾಳಾಗ್ತದೆ" ಎಂದಳು ನಾದಿನಿ. "ಅಪ್ಪ ತೀರಿಹೋದ ದಿನವೂ ಒಂದು ಹಾಳಾಗಿತ್ತು. ಟೊಪ್ಪಿ ಹೇಗುಂಟು? ಇವರು ಹೇಳ್ತಾರೆ, ಬೆದರುಗೊಂಬೆಯ ಹಾಗೆ ಕಾಣ್ತೇನಂತೆ."

ನಾನು ಕುಳಿತು, ನೀರು ಕುಡಿದು, ವಿಷಯ ಹೇಳಿದೆ. ಅಣ್ಣ ಫೋನಿನಲ್ಲಿ ತಪ್ಪಿ ನಮ ಎಂದರಂತೆ, ಹೇಳಬೇಕಾಗಿದ್ದದ್ದು ಎಂಕುಲು, ನಾನು ಹಿಂದೆ ಮಡಿಕೇರಿಗೆ ಹೋಗುವಾಗ ಮಾಡಿದ ಹಾಗೆಯೇ. ಅವಳು ನಗಲಿಕ್ಕೆ ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. ಟೊಪ್ಪಿಯನ್ನು ತೆಗೆದು ಪಕ್ಕದಲ್ಲಿಟ್ಟಳು.

"ಅತ್ತಿಗೆ, ನೀವು ಅವತ್ತು ತಪ್ಪಿದ್ದು. ಅದು ನನಗೆ ಬಸ್ಸಿನಲ್ಲೇ ಗೊತ್ತಾಗಿತ್ತು, ಇಳೀಲಿಕ್ಕೆ ಮನಸ್ಸಾಗಲಿಲ್ಲ ಅಷ್ಟೆ. ಅಣ್ಣ ತಪ್ಪಿದ್ದಲ್ಲ."

"ಅಂದರೆ?"

"ಅವ ನಾಲ್ಕು ಸಲ ಫೋನ್ ಮಾಡಿದ. ಮೂರು ಸಲ ನಾನು ಬೇಡ ಅಂದೆ. ಮಾರಾಯ, ಎಂಕುಲು ಅಂತ ಹೇಳು, ನಮ ಅಂತ ಹೇಳ್ಬೇಡ, ಒಮ್ಮೆಯಾದ್ರೂ ನೀವಿಬ್ಬರೇ ಹೋಗಿ ಬನ್ನಿ ಅಂದೆ. ಇಲ್ಲ, ನಮ ಅಂತಲೇ ಹೇಳಿದ್ದು ಅಂದ. ಬೀಗರನ್ನೂ ಕರಿ ಅಂತ ಹೇಳಿದ್ದು ಅವನೇ."

"ಯಾಕಂತೆ?"

"ಬಿಡಿ ಅತ್ತಿಗೆ. ಚಾ ಮಾಡ್ತೇನೆ."

"ಕೂತುಕೋ. ಅರ್ಧ ವರದಿ ನನಗೆ ಆಗುವುದಿಲ್ಲ."

ಅವಳು ಬಸಳೆಯ ದಂಟೊಂದನ್ನು ಸಣ್ಣ ಸಣ್ಣ ತುಂಡು ಮಾಡಿದಳು. "ಏಳು ದಿನ ಅವಳೊಟ್ಟಿಗೆ ನಾನೊಬ್ಬನೇ ಎಂತ ಮಾಡುದು ಅಂದ. ಅವಳು ಗಂಟೆ ಗಂಟೆಗೆ ಪಟ್ಟಿ ಮಾಡಿದ್ದಾಳೆ, ಐಸಿಯುನಲ್ಲಿ ಮಲಗಿದ ಹಾಗೆ ಆಗ್ತದೆ, ನೀವು ಬಂದ್ರೆ ಜನ ಆಗ್ತದೆ ಅಂದ." ಇನ್ನೊಂದು ದಂಟು ಎತ್ತಿಕೊಂಡು ಮತ್ತೆ ಹೇಳಿದಳು. "ನಗೆ ಮಾಡಿಯೇ ಹೇಳಿದ್ದು. ಅವ ಹೇಳುದೆಲ್ಲ ಹಾಗೇ ಅಲ್ವಾ."

ಅವಳು ನನ್ನನ್ನು ಸಮಾಧಾನ ಮಾಡಲು ಫೋನ್ ತೆಗೆದಳು. "ಜಾಗ ಮಾತ್ರ ಭಾರಿ ಒಳ್ಳೆದು ಹುಡುಕಿದ್ದೀರಿ ಅಂತೆ. ಅಣ್ಣ ಕಳಿಸಿದ್ದಾನೆ, ನೋಡಿ." ಅದು ನನ್ನ ಪುಸ್ತಕದ ಪುಟ. ನನ್ನ ಅಕ್ಷರ, ತೆಂಕಣ ತುದಿಯ ಗಂಟೆಗಳು, ಕೆಳಗೆ ಎರಡು ಗೆರೆ ಎಳೆದ ಆ ವಾಕ್ಯ. ಫೋಟೋದ ಅಂಚಿನಲ್ಲಿ ಯಜಮಾನರ ಹೆಬ್ಬೆರಳು ಕಾಣುತ್ತಿತ್ತು. "ಬೀಗರು ಇಸ್ಪೀಟು ತರ್ತಾರಂತೆ. ಆ ಗಿಡದ ಅಡಿ ಕೂತು ಆಡಬಹುದು ಅಂತ" ಎಂದಳು. ಹೇಳಿದ ಮೇಲೆ ಅವಳಿಗೇ ಅದು ಹೇಳಬಾರದ ಮಾತು ಎಂದು ಕಂಡಿತು.

"ನಾವು ಬರುದಿಲ್ಲ ಅತ್ತಿಗೆ. ಬೀಗರಿಗೆ ನಾನು ಹೇಳ್ತೇನೆ. ನೀವಿಬ್ಬರೇ ಹೋಗಿ."

"ನಾಳೆ ಬೆಳಿಗ್ಗೆಯ ತನಕ ಬೀಗರಿಗೆ ಏನೂ ಹೇಳಬೇಡ" ಎಂದೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಈ ಸಲ ಅವಳು ಬಸ್ಸು ಹತ್ತಲು ಮೂರು ಸಲ ಒಲ್ಲೆ ಎಂದಿದ್ದಳು.

ಬಸ್ಸಿನಲ್ಲಿ ನಾನು ಪಟ್ಟಿಯ ವಿಷಯ ಯೋಚಿಸಿದೆ. ಐದೂ ಹತ್ತಕ್ಕೆ ಏಳುವುದು ಎಂದು ಬರೆದದ್ದು ನಿಜ. ಆದರೆ ಆರರಿಂದ ಒಂಬತ್ತರವರೆಗಿನ ಚೌಕದಲ್ಲಿ ಜಾಗದ ಹೆಸರು ಬಿಟ್ಟರೆ ನಾನು ಏನೂ ಬರೆದಿರಲಿಲ್ಲ. ನನ್ನ ಜನ್ಮದಲ್ಲಿ ನಾನು ಖಾಲಿ ಬಿಟ್ಟ ಚೌಕ ಅದೊಂದೇ. ಓದಿ ಹೇಳುವಾಗ, ಅಲ್ಲಿ ಏನೂ ಇಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದೆನೇ? ನೆನಪಾಗಲಿಲ್ಲ. ಹೇಳದೆ ಅವರಿಗೆ ತಿಳಿಯಬೇಕಿತ್ತು ಎಂದು ಒಂದು ಸಲ ಅನಿಸಿತು. ಮೈಕಿನವರಿಗೆ ಹೇಳದೆ ಏನು ತಿಳಿಯುತ್ತದೆ ಎಂದು ಇನ್ನೊಂದು ಸಲ ಅನಿಸಿತು. ಆದರೆ ಹೆದರಿಕೆ ಇದ್ದರೆ ನನಗೆ ಹೇಳಬಹುದಿತ್ತು. ಹೆದರಿದವರು ನನಗೆ ಹೊಸಬರಲ್ಲ. ನನ್ನ ಬೆನ್ನ ಹಿಂದೆ ನಾಲ್ಕು ಸಲ ಫೋನ್ ಮಾಡಿ, ಸಿಕ್ಕಿಬಿದ್ದಾಗ ಅವರೇ ಕಲಿಸಿದ ಪಾಠವನ್ನು ಅಡ್ಡ ಹಿಡಿದರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ತಾಗಿತು.

ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಅವರು ಕಾಯುತ್ತಿದ್ದರು. ಬಸ್ಸು ಹತ್ತಿ ಪಕ್ಕದಲ್ಲಿ ಕೂತರು.

"ಆಂಪ್ಲಿಫೈಯರ್ ಸರಿಯಾಯಿತಾ?"

"ಫ್ಯೂಸ್ ಹೋಗಿತ್ತು." ಆಮೇಲೆ ಮೆಲ್ಲನೆ, "ತಂಗಿ ಫೋನ್ ಮಾಡಿದಳು" ಎಂದರು.

"ಅಷ್ಟು ಸಾಕು, ನಾನು ಪುನಃ ಹೇಳುವ ಕೆಲಸ ಇಲ್ಲ."

ಪೈಚಾರು ದಾಟಿದ ಮೇಲೆ ಅವರು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು ಹೇಳಿದರು. "ಅವರೆಲ್ಲ ಬೇಡ. ನಾವಿಬ್ಬರೇ ಹೋಗುವ. ನೀನು ಹೇಳಿದ ಗಂಟೆಗೆ ಏಳ್ತೇನೆ. ಸ್ಪೀಕರ್ ಸಹ ಬಿಟ್ಟು ಬರ್ತೇನೆ." ಪರೀಕ್ಷೆಯಲ್ಲಿ ಫೇಲಾದವನು ಪುನಃ ಕಟ್ಟುತ್ತೇನೆ ಎಂದ ಹಾಗಿತ್ತು ಆ ಮಾತು.

ಆ ಮಾತಿಗಾಗಿ ನಾನು ಎಂಟು ತಿಂಗಳು ಕೆಲಸ ಮಾಡಿದ್ದೆ. ಬೆಳಿಗ್ಗೆ ಹೇಳಿದ್ದರೆ ಅದು ಅಡುಗೆಕೋಣೆಯಿಡೀ ತುಂಬುತ್ತಿತ್ತು. ಹೆದರಿದವರ ಕೈ ಹಿಡಿದು ಕರೆದುಕೊಂಡು ಹೋಗಲು ನನಗೆ ಗೊತ್ತು, ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದ್ದೇನೆ. ರಜೆಯಲ್ಲಿ ಮಾಡಲಾರೆ. ಹಾಗೆಂದು ಅವರಿಗೆ ಹೇಳಿದೆ. ಅವರು ಕಂಬಿಯನ್ನು ಬಿಡಲಿಲ್ಲ.

ಪುತ್ತೂರು ತಲುಪುವಾಗ ಐದೂವರೆ. ಸೈಬರ್ ಸೆಂಟರಿನವಳು ಶಟರ್ ಅರ್ಧ ಎಳೆದು ನನಗಾಗಿ ಕಾಯುತ್ತಿದ್ದಳು.

"ಯಾರನ್ನು ತೆಗೀಬೇಕು ಸಿಸ್ಟ್ರೇ?" ಅವಳು ಬೆಳಗಿನಿಂದ ಅದನ್ನೇ ಯೋಚಿಸಿದ್ದಿರಬೇಕು.

"ನನ್ನದನ್ನು ತೆಗೆ. ಉಳಿದ ಐದು ಇರಲಿ. ಕನ್ನಡಕದವರ ಹೊಸ ಫೋಟೋ ನಾಳೆ ಬರುತ್ತದೆ."

ಅವಳು ಯಜಮಾನರನ್ನು ನೋಡಿದಳು. ಅವರು ಶಟರಿನ ಹೊರಗೆ ನಿಂತಿದ್ದರು, ತಲೆ ಬಗ್ಗಿಸಿ ಒಳಗೆ ಬಂದರು. "ನೀನಿಲ್ಲದೆ ಎಂತ ಹೋಗುದು?" ಎಂದರು.

"ಜನ ಉಂಟಲ್ಲ" ಎಂದೆ.

'ನಾನೂ ಹೋಗುವುದಿಲ್ಲ' ಎಂದು ಅವರು ಹೇಳಬಹುದಿತ್ತು. ನಾನು ನರಿಮೊಗರಿನ ತನಕ ಕಾದೆ. ಬಸ್ಸಿನಿಂದ ಇಳಿದು ಗೇಟು ತೆಗೆಯುವಾಗಲೂ ಕಾದೆ. ಅವರು ಹೇಳಿದ್ದು, "ಹಡಗಿನಲ್ಲಿ ಸಕ್ಕರೆ ಇಲ್ಲದ ಚಾ ಸಿಗ್ತದಾ?" ಎಂದು.

"ಸಿಗುತ್ತದೆ. ಕೇಳಬೇಕು" ಎಂದೆ.

ಏಳಕ್ಕೆ ದ್ವೀಪದ ಸಿಸ್ಟರ್‌ಗೆ ಫೋನ್ ಮಾಡಿದೆ. ಐದು ಜನ ಬರುತ್ತಾರೆ, ಎರಡು ಕೋಣೆ ಸಾಲದು, ಮೂರು ಹೇಳು ಎಂದೆ. ಅವಳ ಮಲಯಾಳದಲ್ಲೂ ತುಳುವಿನ ಹಾಗೆ 'ನಾವು' ಎರಡು ಉಂಟು, ಹಾಗಾಗಿ ಅವಳು ಸುಮ್ಮನೆ ಬಿಡುವವಳಲ್ಲ. "ಆ ಐದರಲ್ಲಿ ಸಿಸ್ಟರ್ ಇದ್ದೀರಾ ಇಲ್ಲವಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳ ಹಿಂದಿನಿಂದ ಸಮುದ್ರ ಕೇಳುತ್ತಿತ್ತು. "ಹಾಗಾದರೆ ಅವರನ್ನು ಫುಟ್ಬಾಲಿನ ದಂಡೆಗೆ ಕಳಿಸಲಾ?" ಎಂದಳು.

ಆಸೆಯಾಯಿತು. ಆದರೆ, "ಬೇಡ, ತೆಂಕಣ ತುದಿಗೇ ಕಳಿಸು. ಅವರ ಹತ್ತಿರ ನನ್ನ ಪುಟದ ಫೋಟೋ ಉಂಟು" ಎಂದೆ.

ಇನ್ನು ಉಳಿದದ್ದು ಒಂದು ಕೆಲಸ. ಫೋಟೋದಲ್ಲಿ ಇದ್ದದ್ದು ಒಂದೇ ಪುಟ, ಅದೂ ನನ್ನ ವಾರ್ಡಿನ ಸಂಕ್ಷಿಪ್ತ ಅಕ್ಷರ, ಪೂರ್ತಿ ಓದಲು ಯಾರಿಗೂ ಬರುವುದಿಲ್ಲ. ಯಜಮಾನರ ಕಣ್ಣಿಗೆ ಸಣ್ಣ ಅಕ್ಷರ ಹಿಡಿಯುವುದೂ ಇಲ್ಲ. ಹೊಸ ಹಾಳೆ ತೆಗೆದು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ನಕಲು ಮಾಡಿದೆ. ಯಾವ ದಂಡೆಗೆ ಯಾವ ಗಂಟೆ, ಎಲ್ಲಿ ನೀರು ಆಳ, ಎಲ್ಲಿ ಹವಳದ ಕಲ್ಲು ಕಾಲು ಕೊಯ್ಯುತ್ತದೆ, ಅವರ ಬಿಪಿ ಮಾತ್ರೆ ಯಾವಾಗ. ಕೊನೆಗೆ ತೆಂಕಣ ತುದಿಯ ಕೆಳಗೆ ಬರೆದೆ. 'ಪೊದೆ ಒಂದೇ. ನೆರಳು ಇಬ್ಬರಿಗೆ ಮಾತ್ರ. ಉಳಿದ ಮೂವರು ಟೊಪ್ಪಿ ತರುವುದು.'

ಎಂಟೂ ಇಪ್ಪತ್ತಕ್ಕೆ ಮುಗಿಯಿತು. ಹಾಳೆಯನ್ನು ಎರಡು ಮಡಿಕೆ ಮಾಡಿ ಯಜಮಾನರ ಕನ್ನಡಕದ ಪೆಟ್ಟಿಗೆಯ ಕೆಳಗೆ ಇಟ್ಟು, ಪೆನ್ನಿನ ಮುಚ್ಚಳ ಹಾಕಿದೆ.